ಯಾಯೊ ಮಗಳನ್ನು ದಾಖಲು ಮಾಡಿಸಿದ್ದು

ಲೊಮಾ ಸೆಕಾ ಎಂಬ ನಮ್ಮೂರಿನಲ್ಲಿ ನೂರಾ ನಲವತ್ತು ಮನೆಗಳಿವೆ, ಒಂದು ಚರ್ಚಿದೆ, ಎರಡು ಕೋಳಿ ಅಂಕದ ಕಣಗಳಿವೆ. ಆದರೆ ಹೆಸರಿರುವ ಮನುಷ್ಯ ಒಬ್ಬನೂ ಇಲ್ಲ. ಇಲ್ಲವೇ ಇಲ್ಲವೆಂದಲ್ಲ. ಎಲ್ಲರಿಗೂ ಒಂದೊಂದು ಇದೆ, ಗುರುತಿನ ಚೀಟಿಯಲ್ಲಿ ಅಚ್ಚಾಗಿ ಪೆಟ್ಟಿಗೆಯ ತಳದಲ್ಲಿ ಬಿದ್ದಿದೆ. ಓಟು ಹಾಕುವ ದಿನ ಅದನ್ನು ಹೊರಗೆ ತೆಗೆದು, ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ಹೋಗಿ, ಮತ್ತೆ ಒಳಗಿಡುತ್ತಾರೆ. ಉಳಿದ ದಿನಗಳಲ್ಲಿ ಪಾಪೊ, ಲೆಲೊ, ಕುಕಾ, ಚಿಚಿ ಎಂದು ಕರೆದರೆ ಓಗೊಡುತ್ತಾರೆ. ಸತ್ತ ಮೇಲೂ ಈ ಪದ್ಧತಿ ಬದಲಾಗುವುದಿಲ್ಲ. ಸ್ಮಶಾನದ ಶಿಲುಬೆಗಳ ಮೇಲಿರುವುದೂ ಅಡ್ಡಹೆಸರುಗಳೇ. ಚೀಟಿಯಲ್ಲಿದ್ದ ಹೆಸರು ಬರೆದರೆ ತಾವು ಯಾರಿಗೆ ಮೇಣದಬತ್ತಿ ಹಚ್ಚುತ್ತಿದ್ದೇವೆಂದು ಹೆಂಡತಿ ಮಕ್ಕಳಿಗೇ ತಿಳಿಯುವುದಿಲ್ಲ.

ಆ ಶಿಲುಬೆಗಳ ಮೇಲೆ ಅಕ್ಷರ ಬರೆಯುವವನು ಯಾಯೊ. ಅಂಗಡಿಗಳ ಬೋರ್ಡು, ಗಾಡಿಗಳ ಹಿಂದಿನ ಹಲಗೆ, ಕೋಳಿ ಅಂಕದ ಪ್ರಕಟಣೆ ಎಲ್ಲ ಅವನದೇ ಕುಂಚ. ಕೈ ಗಟ್ಟಿ, ಎದೆ ಮಾತ್ರ ಪುಕ್ಕಲು. ಮೊಹರು ಒತ್ತಿದ ಕಾಗದ, ಟೈ ಕಟ್ಟಿದ ಮನುಷ್ಯ ಮತ್ತು ಅತ್ತೆ, ಈ ಮೂರನ್ನು ಕಂಡರೆ ಅವನಿಗೆ ಬಾಯಿ ಒಣಗುತ್ತಿತ್ತು. ಊರೆಲ್ಲ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಅತ್ತೆ ಕುಕಾ ಎರಡು ಮನೆಯಾಚೆ, ಬಾವಿಯ ಪಕ್ಕದಲ್ಲೇ ಇದ್ದಳು. ಅವಳ ಮಗಳು ಮಿಮಾ ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಬಟ್ಟೆಗಂಟು ಹಿಡಿದುಕೊಂಡು ಯಾಯೊನ ಮನೆಗೆ ಬಂದು ಒಲೆ ಹಚ್ಚಿದ್ದಳು. ಮದುವೆ ಅಂದರೆ ನಮ್ಮಲ್ಲಿ ಬಹುಪಾಲು ಅಷ್ಟೇ. ಪಾದ್ರಿಯ ಕಾಗದವೂ ಇಲ್ಲ, ಸರ್ಕಾರದ ಕಾಗದವೂ ಇಲ್ಲ.

ಒಂಬತ್ತು ವರ್ಷ ಕಾದ ಮೇಲೆ ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತು. ಹುಟ್ಟಿದ್ದು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಯಾಯೊ ಮಗುವನ್ನು ನೋಡಿದ, ಅತ್ತ, ಆಮೇಲೆ ಹೆದರಿದ. ಹೆದರಿಕೆಗೆ ಕಾರಣವಿತ್ತು. ಅವನು ಹುಟ್ಟಿದಾಗ ಅವನ ಅಪ್ಪ ನಾಳೆ ದಾಖಲು ಮಾಡಿಸಿದರಾಯಿತು ಅಂದಿದ್ದ. ಆ ನಾಳೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ನಡುವೆ, ಹದಿಮೂರನೆಯ ವಯಸ್ಸಿನಲ್ಲಿ, ಎಂಟನೇ ತರಗತಿಯ ಪರೀಕ್ಷೆಯ ದಿನ ಮೇಷ್ಟ್ರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಜನನ ಪತ್ರ ಇಲ್ಲದವನು ಒಳಗೆ ಕೂರುವಂತಿಲ್ಲ ಎಂದು ವಾಪಸು ಕಳಿಸಿದ್ದರು. ತರಗತಿಯಲ್ಲಿ ಅವನಷ್ಟು ಚೆಂದದ ಅಕ್ಷರ ಯಾರದೂ ಇರಲಿಲ್ಲ. ಅವತ್ತು ಮನೆಗೆ ನಡೆದುಕೊಂಡು ಬಂದ ದಾರಿಯನ್ನು ಯಾಯೊ ಮರೆತಿರಲಿಲ್ಲ. ತನ್ನ ಮಗಳು ಆ ದಾರಿಯಲ್ಲಿ ನಡೆಯಬಾರದು, ಅಷ್ಟೇ ಅವನ ಆಸೆ. ಅದಕ್ಕೆ ಅರವತ್ತು ದಿನದ ಗಡುವಿತ್ತು. ಅದು ದಾಟಿದರೆ ಮುಂದಿನದು ಕೋರ್ಟು, ವಕೀಲ, ಸಾಕ್ಷಿ, ವರ್ಷಗಟ್ಟಲೆ ಅಲೆದಾಟ.

ಮಿಮಾ ಹೋಗುವ ಹಾಗಿರಲಿಲ್ಲ. ನಲವತ್ತೊಂದು ದಿನ ಬಾಣಂತಿ ಹೊಸ್ತಿಲು ದಾಟಬಾರದು. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಕಿಟಕಿ ಬಂದ್, ಹೊತ್ತು ಹೊತ್ತಿಗೆ ಕೋಳಿ ಸಾರು. ಇದೆಲ್ಲದರ ಮೇಲ್ವಿಚಾರಣೆ ದೋನ್ಯಾ ಕುಕಾಳದು. ಆದ್ದರಿಂದ ಮೂವತ್ತೈದನೆಯ ದಿನ ಯಾಯೊ ಒಬ್ಬನೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಿಕಪ್ಪಿನ ಹಿಂದೆ ಬಾಳೆಗೊನೆಗಳ ನಡುವೆ ಕೂತು ಪಟ್ಟಣಕ್ಕೆ ಹೋದ. ಜೇಬಿನಲ್ಲಿ ಊರ ಮುಖ್ಯಸ್ಥ ದೊನ್ ಲೆಲೊ ಬರೆದುಕೊಟ್ಟ ಚೀಟಿ ಇತ್ತು: ‘ಬೋರ್ಡು ಬರೆಯುವ ಯಾಯೊನ ಹೆಂಡತಿ ಮಿಮಾಗೆ ಹೆಣ್ಣು ಮಗು ಹುಟ್ಟಿದ್ದು ನಿಜ.’

ದಾಖಲಾತಿ ಕಚೇರಿಗೆ ರಾಜಧಾನಿ ಸಾಂತೊ ದೊಮಿಂಗೊದಿಂದ ಹೊಸ ಅಧಿಕಾರಿ ಬಂದಿದ್ದಳು, ಸೆನ್ಯೊರಿತಾ ಒಲಿಂಪಿಯಾ. ಅವಳ ಮೇಜಿನ ಒಂದು ಕಾಲು ಗಿಡ್ಡ. ಟೈಪ್‌ರೈಟರ್ ಕುಟ್ಟಿದಾಗಲೆಲ್ಲ ಮೇಜು ಕುಂಟುತ್ತಿತ್ತು, ಸಾಲುಗಳು ಇಳಿಜಾರಿನಲ್ಲಿ ಬೀಳುತ್ತಿದ್ದವು. ಅವಳು ಲೆಲೊನ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಓದಿ, ಸತ್ತ ಜಿರಲೆಯನ್ನು ಇಡುವ ಹಾಗೆ ಪಕ್ಕಕ್ಕಿಟ್ಟಳು. ತಂದೆಯ ಗುರುತಿನ ಚೀಟಿ ಕೇಳಿದಳು, ಅವನು ಕೊಟ್ಟ, ಅವಳು ಕುಟ್ಟಿದಳು. ಆಮೇಲೆ ತಾಯಿಯ ಹೆಸರು ಕೇಳಿದಳು.

"ಮಿಮಾ," ಎಂದ ಯಾಯೊ.

"ಅದು ಬೆಕ್ಕಿಗಿಡೋ ಹೆಸರು. ನಾನು ಕೇಳಿದ್ದು ಪೂರ್ತಿ ಹೆಸರು."

ಒಂಬತ್ತು ವರ್ಷದಲ್ಲಿ ಹೆಂಡತಿಗೆ ಇನ್ನೊಂದು ಹೆಸರು ಇರಬಹುದೆಂದು ಯಾಯೊನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಗೊತ್ತಿಲ್ಲ ಅಂದುಬಿಡಬಹುದಿತ್ತು. ಆದರೆ ಬೆನ್ನ ಹಿಂದೆ ಹನ್ನೊಂದು ಜನ ಸಾಲಿನಲ್ಲಿದ್ದರು, ಹನ್ನೊಂದೂ ಜನ ಕಿವಿ ನಿಮಿರಿಸಿದ್ದರು. ಹೆಂಡತಿಯ ಹೆಸರು ಗೊತ್ತಿಲ್ಲದ ಗಂಡ ಎಂದು ಪಟ್ಟಣದಲ್ಲೆಲ್ಲ ಸುದ್ದಿಯಾಗುತ್ತದೆ, ಸಂಜೆಗೆ ಅತ್ತೆಗೆ ಮುಟ್ಟುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಅತ್ತೆಯ ಮನೆಯ ಗೋಡೆ ನೆನಪಾಯಿತು. ಅಲ್ಲೊಂದು ಕಟ್ಟು ಹಾಕಿಸಿದ ಫೋಟೊ. ಬಿಳಿ ಮುಸುಕು ಹಾಕಿ, ಕೈಯಲ್ಲಿ ಮೇಣದಬತ್ತಿ ಹಿಡಿದು, ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳಲು ಹೊರಟ ಏಳೆಂಟು ವರ್ಷದ ಹುಡುಗಿ. ಥೇಟ್ ಮಿಮಾಳ ಕಣ್ಣು, ಮಿಮಾಳ ಗಲ್ಲ. ಕೆಳಗೆ ಚೆಂದದ ಅಕ್ಷರದಲ್ಲಿ ಬರೆದ ಹೆಸರು. ಅಕ್ಷರ ಚೆಂದವಿದ್ದುದರಿಂದಲೇ ಅವನಿಗೆ ನೆನಪಿತ್ತು.

"ಹೊಸೇಫಾ ಮೆದಿನಾ," ಎಂದ, ಧೈರ್ಯವಾಗಿ.

ಒಲಿಂಪಿಯಾ ಮೂರು ಪ್ರತಿ ಕುಟ್ಟಿ, ಒಂದನ್ನು ಅವನ ಕೈಗಿತ್ತಳು. ತಾಯಿಯ ಗುರುತಿನ ಚೀಟಿ ತಂದು ತೋರಿಸುವವರೆಗೂ ಇದು ಅರ್ಧ ಕೆಲಸ, ಅರವತ್ತನೆಯ ದಿನ ನಾಲ್ಕು ಗಂಟೆಗೆ ಮುಗಿಯದಿದ್ದರೆ ಪೂರ್ತಿ ಕೋರ್ಟಿನ ಕೆಲಸ ಎಂದಳು. ಹಾಗೇ ಪೆನ್ಸಿಲಿನಿಂದ ಗೋಡೆಯ ಮೇಲಿನ ಸೂಚನೆಯನ್ನು ತೋರಿಸಿದಳು. ಸುಳ್ಳು ಘೋಷಣೆ ಮಾಡಿದವರಿಗೆ ಸೆರೆಮನೆ ಎಂದು ಅಲ್ಲಿ ಬರೆದಿತ್ತು. ಯಾರೋ ಕಸುಬು ತಿಳಿಯದವನು ಬರೆದದ್ದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ‘ಸೆರೆಮನೆ’ ಎಂಬುದು ಮಾತ್ರ ಬಲು ಸ್ಪಷ್ಟವಾಗಿತ್ತು.

ಊರಿಗೆ ಬಂದವನೇ ಯಾಯೊ, ಅತ್ತೆ ತನ್ನ ಮನೆಯಲ್ಲಿ ಸಾರು ಕುದಿಸುತ್ತಿದ್ದಾಳೆಂದು ಖಚಿತ ಮಾಡಿಕೊಂಡು, ಅವಳ ಮನೆಗೆ ನುಗ್ಗಿ ಫೋಟೊದ ಮುಂದೆ ನಿಂತ. ಹೆಸರು ಸರಿಯಾಗಿಯೇ ಇತ್ತು. ಹೆಸರಿನ ಕೆಳಗೆ ಇಸವಿಯೂ ಇತ್ತು: ೧೯೩೧. ಯಾಯೊ ಬೆರಳು ಮಡಿಸಿ ಲೆಕ್ಕ ಹಾಕಿದ. ಇದು ನಡೆದದ್ದು ೧೯೮೬ರಲ್ಲಿ. ಫೋಟೊದ ಹುಡುಗಿ ಮಿಮಾ ಆಗಿದ್ದರೆ ಅವಳಿಗೆ ಈಗ ಅರವತ್ತು ದಾಟಿರಬೇಕು. ಮಿಮಾಗೆ ಇನ್ನೂ ಇಪ್ಪತ್ತೆಂಟು. ಅಂದರೆ ಇದು ಸತ್ತುಹೋದ ಯಾವಳೋ ದೊಡ್ಡಮ್ಮ. ಗೋಡೆಗೆ ನೇತುಹಾಕಿದವರೆಲ್ಲ ಸತ್ತವರೇ ತಾನೆ! ತಾನು ಮಗಳಿಗೆ ತಾಯಿಯೆಂದು ಬರೆಸಿ ಬಂದದ್ದು ಹೆಣದ ಹೆಸರನ್ನು. ಅವನು ಮಂಚದ ಮೇಲೆ ಕೂತ. ಕೂತಾಗ ಹಾಸಿಗೆಯ ಕೆಳಗೆ ತಗಡಿನ ಡಬ್ಬಿ ಕಿರ್ರೆಂದಿತು. ಮನೆತನದ ಕಾಗದಪತ್ರಗಳೆಲ್ಲ ಅದರಲ್ಲೇ ಎಂದು ಊರಿಗೇ ಗೊತ್ತಿತ್ತು. ಅವನು ಮಂಡಿಯೂರಿ ಭುಜದವರೆಗೂ ಕೈ ತೂರಿಸಿದ.

"ಅಳಿಯ ದೇವ್ರೇ," ಎಂದಳು ದೋನ್ಯಾ ಕುಕಾ ಬಾಗಿಲಲ್ಲಿ ನಿಂತು. "ನನ್ನ ಹಾಸಿಗೆ ಅಡಿ ಏನಪ್ಪಾ ಕಳ್ಕೊಂಡಿದ್ದೀಯ?"

ಯಾಯೊ ಇಲಿ ಎಂದ. ಇಲಿ ಓಡಿಬಂದದ್ದನ್ನು ತಾನು ಬೀದಿಯಿಂದಲೇ ಕಂಡೆ, ದೊಡ್ಡದು, ಬಾಲ ಇಷ್ಟುದ್ದ ಎಂದ. ದೋನ್ಯಾ ಕುಕಾ ಬಗ್ಗಿ ಹಾಸಿಗೆಯ ಕೆಳಗೆ ಇಣುಕಿ ನೋಡಿದಳು. ಎರಡು ದಿನದ ಮೇಲೆ ಅವಳು ಚರ್ಚಿಗೆ ಹೋದ ಸಮಯ ನೋಡಿ ಅವನು ಮತ್ತೆ ಕೈ ತೂರಿಸಿದಾಗ, ಅಲ್ಲಿ ಅವಳು ಇಟ್ಟಿದ್ದ ನಾಲ್ಕು ಇಲಿಬೋನುಗಳಲ್ಲಿ ಒಂದು ಅವನ ತೋರುಬೆರಳನ್ನು ಕಚ್ಚಿತು. ಪುಣ್ಯಕ್ಕೆ ಎಡಗೈ. ಬಟ್ಟೆ ಸುತ್ತಿದ ಬೆರಳನ್ನು ಕಂಡು ದೋನ್ಯಾ ಕುಕಾ, ಇಲಿಗೆ ಈಗ ಹೇಗಿದೆ ಎಂದು ವಿಚಾರಿಸಿದಳು.

ಹೆಂಡತಿಯನ್ನೇ ನೇರವಾಗಿ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ನೀವು ಕೇಳಿ ನೋಡಿ. ಒಂಬತ್ತು ವರ್ಷ ಕೈಯಡುಗೆ ತಿಂದ ಮೇಲೆ, ಎಳೆಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಬಾಣಂತಿಯ ಮುಂದೆ ನಿಂತು, ಅಂದ ಹಾಗೆ ನೀನು ಯಾರು ಎಂದು ಕೇಳುವ ಗಂಡಸು ಲೊಮಾ ಸೆಕಾದಲ್ಲಂತೂ ಇನ್ನೂ ಹುಟ್ಟಿಲ್ಲ. ಯಾಯೊ ಬಳಸಿ ಕೇಳಿದ. ಶಾಲೆಯಲ್ಲಿ ನಿನ್ನನ್ನು ಏನಂತ ಕರೆಯುತ್ತಿದ್ದರು ಅಂದ. ಮಿಮಾ ಅಂತಲೇ ಅಂದಳು. ಹಾಜರಿ ಕೂಗುವಾಗ ಅಂದ. ಮಿಮಾಳ ಮುಖ ಬಿಳುಪಾಯಿತು. ಅವಳು ಕಿವಿಯ ಹತ್ತಿಯನ್ನು ಇನ್ನೂ ಒಳಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ತನ್ನ ಗುಟ್ಟು ಬಯಲಾಯಿತೆಂದು ಯಾಯೊ ನಡುಗಿದ. ಅವಳೂ ನಡುಗುತ್ತಿದ್ದಳು, ಅದು ಅವನಿಗೆ ಕಾಣಲಿಲ್ಲ.

ಕೊನೆಗೆ ಅವನು ಮುಖ್ಯಸ್ಥ ಲೆಲೊನ ಬಳಿಗೆ ಹೋಗಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡು ಕೇಳಿದ. ಲೆಲೊ ಮೂವತ್ತು ವರ್ಷದಿಂದ ಮುಖ್ಯಸ್ಥ, ಊರಿನ ಪ್ರತಿ ಕತ್ತೆಯ ಮಾಲೀಕ ಯಾರೆಂದು ಬಲ್ಲವನು. ಅವನಿಗೂ ಮಿಮಾಳ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ, ಇದರಲ್ಲಿ ಏನೋ ಮಸಲತ್ತಿದೆ ಎಂಬ ಮುಖ ಮಾಡಿದ. ಸಂಜೆಯೊಳಗೆ ಲೆಲೊನ ಹೆಂಡತಿಗೆ ಮಸಲತ್ತಿದೆ ಎಂಬಷ್ಟು ಮಾತ್ರ ಗೊತ್ತಾಯಿತು, ಅಂದರೆ ಊರಿಗೆಲ್ಲ.

ಆ ಗುಸುಗುಸುವಿಗೆ ಕಾಲು ಬಂದದ್ದು ಪಾಪೊನ ದಿನಸಿ ಅಂಗಡಿಯಲ್ಲಿ. ಯಾಯೊ ಇದ್ದಿಲಿನ ಚೀಲ ಎತ್ತಲು ಬಗ್ಗಿದಾಗ ಜೇಬಿನಿಂದ ಒಂದು ಮಡಿಸಿದ ಕಾಗದ ಬಿತ್ತು. ಅವನು ಹೋದ ಮೇಲೆ ಪಾಪೊ ಅದನ್ನು ಬಿಡಿಸಿ, ನೆರೆದವರ ಅನುಕೂಲಕ್ಕೆಂದು ಗಟ್ಟಿಯಾಗಿ ಓದಿದ. ತಂದೆಯ ಹೆಸರು ಓದಿದಾಗ ಇವನ್ಯಾರೆಂದು ಯಾರಿಗೂ ತಿಳಿಯಲಿಲ್ಲ. ಕಸುಬು, ಬೋರ್ಡು ಬರೆಯುವುದು ಎಂದು ಓದಿದ ಮೇಲೆ ತಿಳಿಯಿತು. ಆಮೇಲೆ ತಾಯಿ: ಹೊಸೇಫಾ ಮೆದಿನಾ. ಅಂಥ ಹೆಸರಿನವಳು ಲೊಮಾ ಸೆಕಾದಲ್ಲಿ ಯಾರೂ ಇಲ್ಲವೆಂದು ಎಲ್ಲರೂ ಒಪ್ಪಿದರು. ಹಾಗಾದರೆ ಪಟ್ಟಣದವಳು. ಮಿಮಾ ಹೆತ್ತ ಮಗುವನ್ನು ಈ ಯಾಯೊ ಪಟ್ಟಣದ ಯಾವಳದೋ ಹೆಸರಿಗೆ ಬರೆಸಿ ಬಂದಿದ್ದಾನೆ.

"ಸುಮ್ನಿರೋರನ್ನ ನಂಬಬಾರ್ದು ಕಣ್ರಪ್ಪಾ," ಎಂದ ಪಾಪೊ. "ನಾನು ನೋಡಿ, ಬಾಯಿಬಡುಕ. ನಮ್ಮಂಥೋರ ಕೈಲಿ ಇಂಥದ್ದೆಲ್ಲ ಆಗಲ್ಲ."

ಬಾಯಿಂದ ಬಾಯಿಗೆ ಹೋಗುವಾಗ ಹೆಸರು ದಾರಿಯಲ್ಲೇ ಉದುರಿಹೋಯಿತು. ಹೆಸರುಗಳನ್ನು ಅಷ್ಟು ದೂರ ಹೊತ್ತುಕೊಂಡು ಹೋಗುವ ಅಭ್ಯಾಸ ನಮ್ಮೂರಿಗೆ ಇಲ್ಲ. ದೋನ್ಯಾ ಕುಕಾಳ ಬಾಗಿಲಿಗೆ ಮುಟ್ಟುವಷ್ಟರಲ್ಲಿ ಉಳಿದದ್ದು ಇಷ್ಟು: ಅವಳೊಬ್ಬಳಿದ್ದಾಳೆ, ಮಗು ಅವಳದಾಗುತ್ತದೆ, ಅರವತ್ತನೆಯ ದಿನ ಬಂದು ಎತ್ತಿಕೊಂಡು ಹೋಗುತ್ತಾಳೆ.

ದೋನ್ಯಾ ಕುಕಾ ಕೂಗಾಡಲಿಲ್ಲ. ಬಾಳೆ ಕಡಿಯುವ ಮಚ್ಚನ್ನು ತಂದು ಯಾಯೊನ ಜಗಲಿಯ ಮೇಲೆ ಕೂತು, ಕಲ್ಲಿಗೆ ನೀರು ಚಿಮುಕಿಸಿ, ಮಸೆಯತೊಡಗಿದಳು. ದಿನವೂ ಮಸೆದಳು. ಬಾಣಂತನದ ನಲವತ್ತೊಂದು ದಿನ ಮುಗಿಯಿತು, ಮಿಮಾ ಕಿವಿಯ ಹತ್ತಿ ತೆಗೆದಳು, ಮಚ್ಚಿನ ಸದ್ದು ನಿಲ್ಲಲಿಲ್ಲ. ಮಿಮಾಳೂ ಮಾತು ಬಿಟ್ಟಳು. ಬಾಳೆಕಾಯಿಯ ಮುದ್ದೆ ಮೊದಲಿನ ಹಾಗೇ ತಟ್ಟೆಗೆ ಬೀಳುತ್ತಿತ್ತು, ಅದರ ಮೇಲೆ ಹುರಿದ ಈರುಳ್ಳಿ ಮಾತ್ರ ಇರುತ್ತಿರಲಿಲ್ಲ. ಅವನು ಮಗುವನ್ನು ಎತ್ತಿಕೊಳ್ಳಲು ಹೋದರೆ ಅವಳು ಮಗುವನ್ನು ಎದೆಗವಚಿಕೊಂಡು ಒಳಗೆ ಹೋಗುತ್ತಿದ್ದಳು. ತಾನು ಹೆಂಡತಿಯ ಹೆಸರು ಮರೆತವನೆಂದು ಎಲ್ಲರಿಗೂ ಗೊತ್ತಾಗಿ ಹೀಗೆ ಆಡುತ್ತಿದ್ದಾರೆಂದು ಯಾಯೊ ತಿಳಿದ. ಬೀದಿಯಲ್ಲಿ ಹೆಂಗಸರು ಅವನನ್ನು ಕಂಡು ಉಗುಳಿದರೆ, ಮರೆವಿಗೆ ಇಷ್ಟೊಂದು ಶಿಕ್ಷೆಯೇ ಎಂದು ನೊಂದುಕೊಂಡ.

ಐವತ್ತೊಂಬತ್ತನೆಯ ದಿನ ಕಳೆಯಿತು. ಅರವತ್ತನೆಯ ದಿನ ಬೆಳಗ್ಗೆ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಹೋಗಿ ನಿಜ ಹೇಳುವುದು, ಸತ್ತವಳ ಹೆಸರು ಕೊಟ್ಟೆನೆಂದು ಒಪ್ಪಿಕೊಳ್ಳುವುದು, ಶಿಕ್ಷೆ ತನಗಿರಲಿ, ಮಗಳಿಗೆ ಇನ್ನೊಂದು ದಿನದ ಅವಕಾಶ ಕೊಡಿ ಎಂದು ಬೇಡುವುದು. ಸೆರೆಮನೆಗೆಂದು ಒಂದು ಅಂಗಿ, ಒಂದು ಟವಲ್, ಒಂದು ಸಣ್ಣ ಕುಂಚ ಗಂಟು ಕಟ್ಟಿಕೊಂಡ. ಮಧ್ಯಾಹ್ನ ಗಂಟು ಹಿಡಿದು ಹೊಸ್ತಿಲು ದಾಟಿದವನನ್ನು ಮಿಮಾ ನೋಡಿದಳು. ಅವಳಿಗೆ ಅದರ ಅರ್ಥ ಒಂದೇ. ತಾನೂ ಒಂದು ದಿನ ಹೀಗೇ ಗಂಟು ಹಿಡಿದು ಬಂದವಳಲ್ಲವೇ.

ಅವನು ಹತ್ತಿದ ಪಿಕಪ್ಪು ತಿರುವು ದಾಟುತ್ತಿದ್ದಂತೆ ಇನ್ನೊಂದು ಪಿಕಪ್ಪು ಹೊರಟಿತು. ಅದರಲ್ಲಿ ಮಗುವನ್ನೆತ್ತಿಕೊಂಡ ಮಿಮಾ, ಮಗು ಯಾರದೆಂದು ರುಜುವಾತು ಮಾಡಲು ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡ ದೋನ್ಯಾ ಕುಕಾ, ಕಾನೂನಿನ ಪರವಾಗಿ ಲೆಲೊ, ಅಂಗಡಿಗೆ ಬೀಗ ಹಾಕಿ ಬಂದ ಪಾಪೊ, ಹಿಂದೆ ನಿಂತುಕೊಂಡು ಹತ್ತು ಹನ್ನೆರಡು ಜನ. ಮಚ್ಚನ್ನು ಲೆಲೊ ಬಹಳ ಬೇಡಿಕೊಂಡು ಮನೆಯಲ್ಲೇ ಬಿಡಿಸಿದ್ದ.

ಕಚೇರಿಯಲ್ಲಿ ಯಾಯೊ ಬಾಯಿ ತೆರೆಯುವ ಮೊದಲೇ ಒಲಿಂಪಿಯಾ ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಹಾಕಿದಳು. ಮೇಜು ಕುಂಟಿತು.

"ಕೂತ್ಕೊಳಿ. ನೀವು ತಾಯಿ ಅಂತ ಬರೆಸಿದ ಹೆಂಗಸನ್ನ ನಾನು ಹಳೇ ಪುಸ್ತಕದಲ್ಲಿ ಹುಡುಕಿದೆ. ಆಯಮ್ಮನಿಗೆ ಈಗ ಅರವತ್ತಮೂರು ವರ್ಷ."

ಅಷ್ಟು ಹೊತ್ತಿಗೆ ಊರು ಬಾಗಿಲಲ್ಲಿ ನೆರೆದಿತ್ತು. ಅರವತ್ತಮೂರು ಎಂಬುದು ಎಲ್ಲರಿಗೂ ಕೇಳಿಸಿತು. ಪಾಪೊ ಗೋಡೆ ಹಿಡಿದುಕೊಂಡ. ಮಿಮಾ ಏನೆಲ್ಲ ಊಹಿಸಿಕೊಂಡಿದ್ದಳೋ, ತುಟಿಗೆ ಬಣ್ಣ ಹಚ್ಚಿದ ಪಟ್ಟಣದ ಹುಡುಗಿ, ಎತ್ತರದ ಚಪ್ಪಲಿ, ಅತ್ತರು. ಇದನ್ನು ಊಹಿಸಿರಲಿಲ್ಲ. ಅವಳು ಅಳಲೂ ಆಗದೆ ನಿಂತಳು. ದೋನ್ಯಾ ಕುಕಾ ಜನರನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು.

"ಅರವತ್ತಮೂರಾ? ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇನ್ನೊಬ್ಬಳ ಗಂಡ ಬೇಕಾ ಆ ಮುದುಕೀಗೆ? ಮಾನ ಇಲ್ವಾ, ಮರ್ಯಾದೆ ಇಲ್ವಾ? ಬಾಯಲ್ಲಿ ಹಲ್ಲಾದ್ರೂ ಇದ್ಯಾ? ಇರ್ಲಿ ತಾಯಿ, ಅವಳ ಹೆಸರು ಓದಿ. ಎಲ್ಲಿದ್ರೂ ಹುಡ್ಕಿಕೊಂಡು ಹೋಗಿ ಜುಟ್ಟು ಹಿಡಿದು ಬೀದೀಲಿ ಎಳೀತೀನಿ."

ಒಲಿಂಪಿಯಾ ಕನ್ನಡಕ ಸರಿಮಾಡಿಕೊಂಡು ಓದಿದಳು. ಹೊಸೇಫಾ ಮೆದಿನಾ. ಲಾಸಾರೊ ಮೆದಿನಾನ ಮಗಳು. ವಿಧವೆ. ಲೊಮಾ ಸೆಕಾ, ಬಾವಿಯ ಪಕ್ಕದ ಮನೆ.

ಲಾಸಾರೊ ಎಂಬಲ್ಲಿಗೆ ದೋನ್ಯಾ ಕುಕಾಳ ಎತ್ತಿದ ಕೈ ನಿಧಾನಕ್ಕೆ ಇಳಿಯಿತು. ಬಾವಿ ಎಂಬಲ್ಲಿಗೆ ಅವಳು ಡಬ್ಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ನಲವತ್ತು ವರ್ಷದಿಂದ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಅವಳೂ ಒಂದು ಕಾಲದಲ್ಲಿ ಬಿಳಿ ಮುಸುಕು ಹಾಕಿಕೊಂಡು ಮೇಣದಬತ್ತಿ ಹಿಡಿದ ಸಣ್ಣ ಹುಡುಗಿಯಾಗಿದ್ದಳೆಂಬುದು ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಅಳಿಯನಿಗಂತೂ ಹೊಳೆಯುವ ಮಾತೇ ಇರಲಿಲ್ಲ.

"ಅದು ನಾನೇ," ಎಂದಳು ದೋನ್ಯಾ ಕುಕಾ. ಅವಳು ಮೆತ್ತಗೆ ಮಾತಾಡಿದ್ದನ್ನು ಲೊಮಾ ಸೆಕಾ ಕೇಳಿದ್ದು ಅದೇ ಮೊದಲು.

ಮುಂದಿನ ಒಂದು ನಿಮಿಷ ನಡೆದದ್ದನ್ನು ಸರಿಯಾಗಿ ಹೇಳಬಲ್ಲವರು ಯಾರೂ ಇಲ್ಲ. ಲೆಲೊ ನೆಲದ ಮೇಲೆಯೇ ಕೂತುಬಿಟ್ಟ. ಮಗುವಿಗೆ ದಾಖಲೆಯ ಪ್ರಕಾರ ದೋನ್ಯಾ ಕುಕಾ ತಾಯಿ, ಹಾಗಾದರೆ ಮಿಮಾ ಮಗುವಿಗೆ ಅಕ್ಕ, ಯಾಯೊ ತನ್ನ ಹೆಂಡತಿಗೇ ಮಲತಂದೆ ಎಂದು ಪಾಪೊ ಬೆರಳು ಮಡಿಸಿ ಲೆಕ್ಕ ಒಪ್ಪಿಸತೊಡಗಿದ. ಯಾರೋ ಅವನ ಬಾಯಿ ಮುಚ್ಚಿದರು. ಯಾಯೊ ಅತ್ತೆಯ ಮುಖ ನೋಡಿದ, ಗೋಡೆಯ ಸೂಚನೆ ನೋಡಿದ. ಸೆರೆಮನೆಯೇ ವಾಸಿ ಎನ್ನಿಸಿತು. ಫೋಟೊ ನೋಡಿ ಹೇಳಿದೆ, ಹೆಂಡತಿಯ ಹೆಸರು ನನಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ, ಇಷ್ಟೇ ಅಮ್ಮಾವ್ರೇ ನನ್ನ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದ. ಮಿಮಾ ಅವನ ಕೈಯ ಗಂಟನ್ನೂ ಅದರ ತುದಿಯಲ್ಲಿ ಇಣುಕುತ್ತಿದ್ದ ಕುಂಚವನ್ನೂ ನೋಡಿದಳು. ಅವನು ಯಾರ ಮನೆಗೂ ಹೊರಟವನಲ್ಲವೆಂದು ಅವಳಿಗೆ ಆಗ ತಿಳಿಯಿತು.

"ನಿಜವಾದ ತಾಯಿ ಯಾರು?" ಎಂದಳು ಒಲಿಂಪಿಯಾ. ಗಡಿಯಾರದಲ್ಲಿ ಮೂರೂವರೆ.

ಮಿಮಾ ಮುಂದೆ ಬಂದು ನಾನು ಎಂದಳು. ದೋನ್ಯಾ ಕುಕಾ ಡಬ್ಬಿ ತೆರೆದು ಗುರುತಿನ ಚೀಟಿ ತೆಗೆದುಕೊಟ್ಟಳು. ಮಿಮಾ ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಒಂದು ಬೆರಳಿನಿಂದ ಅಧಿಕಾರಿಯ ಕಡೆ ತಳ್ಳಿದಳು.

"ಬಾಯಲ್ಲಿ ಹೇಳ್ಬೇಕಮ್ಮ. ಘೋಷಣೆ ಅಂದ್ರೆ ಘೋಷಣೆ."

"ಬಾಗ್ಲು ಹಾಕ್ತೀರಾ?"

"ಸರ್ಕಾರಿ ಕಚೇರಿ. ನಾಲ್ಕರ ತನಕ ಬಾಗ್ಲು ಹಾಕೋ ಹಾಗಿಲ್ಲ."

ಈಗ ಹೆದರಿಕೆ ಯಾಯೊನನ್ನು ಬಿಟ್ಟು ಮಿಮಾಳ ಮುಖಕ್ಕೆ ಹತ್ತಿತ್ತು. ಹಾಜರಿಯ ಮಾತೆತ್ತಿದ ದಿನ ಬಿಳುಪಾದ ಮುಖ ಇದೇ ಎಂದು ಯಾಯೊನಿಗೆ ಗುರುತು ಸಿಕ್ಕಿತು. ತಾನೊಬ್ಬನೇ ಹೆದರಿದ್ದಲ್ಲ ಎಂದು ಅವನಿಗೆ ಆಗ ಅರ್ಥವಾಯಿತು. ಜೀವಮಾನದಲ್ಲಿ ಮೊಹರಿನ ಎದುರು ಗಟ್ಟಿ ದನಿ ತೆಗೆಯದವನು ಮೇಜಿನ ಹತ್ತಿರ ಬಂದು, ಗಂಟನ್ನು ಮೇಲಿಟ್ಟ.

"ಅವಳು ಹೇಳೋದು ಬೇಡ. ನನ್ನನ್ನ ಒಳಗೆ ಹಾಕಿ. ಬಟ್ಟೆ ತಂದಿದ್ದೀನಿ."

"ನಿಮ್ಮನ್ನ ಒಳಗೆ ಹಾಕಿದ್ರೆ ಮಗೂಗೆ ತಾಯಿ ಸಿಗ್ತಾಳಾ?" ಎಂದಳು ಒಲಿಂಪಿಯಾ. ಈ ಸಲ ಅವಳ ದನಿ ಅಷ್ಟು ಗಡುಸಾಗಿರಲಿಲ್ಲ. "ತಾಯಿ ಹೆಸರಿಲ್ದೆ ನಾನು ಬರೆಯೋಕಾಗಲ್ಲ. ಬರೀದಿದ್ರೆ ನಾಳೆ ಶಾಲೆ ಬಾಗಿಲಲ್ಲಿ ಈ ಮಗು ನಿಂತ್ಕೋಬೇಕಾಗತ್ತೆ."

ಮಿಮಾ ಗಂಡನ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಬಾಗಿಲಲ್ಲಿದ್ದ ಕೊನೆಯವನಿಗೂ ಕೇಳುವ ಹಾಗೆ ಹೇಳಿದಳು.

"ದೆಗೊಯಾಸಿಯೊನ್ ಪೆನ್ಯಾ."

ದೆಗೊಯಾಸಿಯೊನ್ ಅಂದರೆ ಶಿರಚ್ಛೇದ. ಅವಳು ಹುಟ್ಟಿದ್ದು ಆಗಸ್ಟ್ ಇಪ್ಪತ್ತೊಂಬತ್ತರಂದು. ಅವಳ ಅಪ್ಪ ದೈವಭಕ್ತ, ಅಕ್ಷರ ಅಷ್ಟಕ್ಕಷ್ಟೆ. ಔಷಧಿ ಅಂಗಡಿಯವರು ಪುಕ್ಕಟೆ ಕೊಡುವ ಪಂಚಾಂಗ ತೆರೆದು ಆ ದಿನದ ಸಂತನ ಹೆಸರಿಡುವುದು ಅವರ ಮನೆಯ ಪದ್ಧತಿ. ಆ ದಿನದ ಎದುರು, ಸಂತ ಸ್ನಾನಿಕ ಯೋಹಾನನ ಶಿರಚ್ಛೇದ ಎಂದು ಅಚ್ಚಾಗಿತ್ತು. ಅಚ್ಚಿನಲ್ಲಿ ಶಿರಚ್ಛೇದ ಎಂಬುದೇ ಮೊದಲು ಬಂದಿತ್ತು, ಅಪ್ಪನಿಗೆ ಕಂಡದ್ದು ಆ ಮೊದಲ ಪದ ಮಾತ್ರ. ಪಟ್ಟಣದ ಶಾಲೆಯಲ್ಲಿ ಮೂರು ವರ್ಷ ಅಲ್ಲಿನ ಹುಡುಗರು ಅವಳನ್ನು ಕಂಡಾಗಲೆಲ್ಲ ಕತ್ತಿನ ಮೇಲೆ ಕೈ ಅಡ್ಡ ಎಳೆದು ತೋರಿಸಿದ್ದರು. ನಾಲ್ಕನೆಯ ವರ್ಷ ಅವಳು ಶಾಲೆಗೆ ಹೋಗಲಿಲ್ಲ. ಅಂದಿನಿಂದ ದೋನ್ಯಾ ಕುಕಾ ಆ ಹೆಸರಿದ್ದ ಕಾಗದವನ್ನೆಲ್ಲ ಹಾಸಿಗೆಯ ಕೆಳಗಿಟ್ಟುಕೊಂಡು ಅದರ ಮೇಲೆಯೇ ಮಲಗುತ್ತ ಬಂದಿದ್ದಳು.

ಪಾಪೊನ ಗಂಟಲಲ್ಲಿ ನಗು ಏರುತ್ತಿತ್ತು. ದೋನ್ಯಾ ಕುಕಾ ತಿರುಗಿ ಅವನನ್ನು ನೋಡಿದಳು, ಬರೀ ನೋಡಿದಳು. ನಗು ಬಂದ ದಾರಿಯಲ್ಲೇ ವಾಪಸು ಹೋಯಿತು. ಇನ್ನು ಯಾರೂ ನಗಲಿಲ್ಲ. ಆ ಕಚೇರಿಯಲ್ಲಿ ನಿಂತಿದ್ದ ಪ್ರತಿಯೊಬ್ಬನೂ ತನ್ನ ತನ್ನ ಪೆಟ್ಟಿಗೆಯ ತಳದಲ್ಲಿರುವುದನ್ನು ನೆನೆದುಕೊಳ್ಳುತ್ತಿದ್ದ.

ಒಲಿಂಪಿಯಾ ಹಳೆಯ ಪ್ರತಿಗಳನ್ನು ಹರಿದು, ಹೊಸ ಕಾಗದ ಏರಿಸಿ ಕುಟ್ಟಿದಳು. ತಂದೆಯ ಹೆಸರು ಓದಿ, ಇದು ಸರಿಯೇ ಎಂದು ಮಿಮಾಳನ್ನು ಕೇಳಿದಳು. ಮಿಮಾ ಮಗುವಿನ ಟೋಪಿ ಸರಿಪಡಿಸುತ್ತ, ಕಾಗದದಲ್ಲಿ ಇರೋದೇ ಸರಿ ಎಂದಳು. ಇನ್ನು ಮಗುವಿನ ಹೆಸರು. ದೋನ್ಯಾ ಕುಕಾ ತನ್ನ ಎಂದಿನ ದನಿಯನ್ನು ಹುಡುಕಿಕೊಂಡು, ಮನೆಯ ಪದ್ಧತಿ ಬಿಡಬಾರದೆಂದು, ಡಬ್ಬಿಯಿಂದ ಆ ವರ್ಷದ ಪಂಚಾಂಗ ತೆಗೆದು ಮಗಳ ಕೈಗೆ ಕೊಟ್ಟಳು. ಮಗು ಹುಟ್ಟಿದ್ದು ನವೆಂಬರ್ ಎರಡರಂದು, ಸತ್ತವರೆಲ್ಲರ ದಿನ. ಮಿಮಾ ಪಂಚಾಂಗವನ್ನು ತೆರೆಯಲಿಲ್ಲ. ನಾಲ್ಕಾಗಿ ಮಡಿಸಿ, ಬಗ್ಗಿ, ಒಲಿಂಪಿಯಾಳ ಮೇಜಿನ ಗಿಡ್ಡ ಕಾಲಿನ ಅಡಿಗೆ ಸಿಕ್ಕಿಸಿದಳು. ಮೇಜು ನೆಟ್ಟಗೆ ನಿಂತಿತು.

"ಎಲಿಸಾ," ಎಂದಳು. "ಬರೀ ಎಲಿಸಾ. ಅದ್ರಲ್ಲಿ ಯಾರೂ ಸಾಯಲ್ಲ."

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೊಹರು ಬಿತ್ತು. ಆ ಮೊಹರಿನ ಸದ್ದಿಗೆ ಯಾಯೊ ಬೆಚ್ಚಿದ, ಆದರೆ ಈ ಸಲ ಅದು ಸುಖಕ್ಕೆ. ಊರಿಗೆ ವಾಪಸಾಗುವಾಗ ಎಲ್ಲರೂ ಒಂದೇ ಪಿಕಪ್ಪಿನಲ್ಲಿದ್ದರು. ಮಗು ಉಂಡೆಯ ಹಾಗಿದೆ ಎಂದು ಪಾಪೊ ಅದನ್ನು ಬೋಲಾ ಎಂದು ಕರೆದ. ಲೆಲೊ ಬೋಲಾ, ಬೋಲಾ ಎಂದು ಚಿಟಿಕೆ ಹಾಕಿದ. ಸೇತುವೆ ದಾಟುವಷ್ಟರಲ್ಲಿ ದೋನ್ಯಾ ಕುಕಾಳೂ ಹಾಗೇ ಕರೆಯುತ್ತಿದ್ದಳು. ಯಾಯೊ ಮತ್ತೆ ಹೆದರಿದ. ಜೇಬಿನಿಂದ ಕಾಗದ ತೆಗೆದು ನೋಡಿಕೊಂಡ. ಎಲಿಸಾ. ಇದೆ, ಹೋಗಿಲ್ಲ.

ಮನೆಗೆ ಬಂದವನೇ ಬಣ್ಣದ ಡಬ್ಬಿ ತೆರೆದ. ತೊಟ್ಟಿಲ ಮೇಲಿನ ಗೋಡೆಗೆ ಸುಣ್ಣ ಬಳಿದು, ಅದು ಒಣಗಿದ ಮೇಲೆ ನೀಲಿಯಲ್ಲಿ, ಒಂದಡಿ ಎತ್ತರದ ಅಕ್ಷರಗಳಲ್ಲಿ ಬರೆಯತೊಡಗಿದ. ಲೊಮಾ ಸೆಕಾದಲ್ಲಿ ಅವನು ಬರೆದ ಮೊದಲ ನಿಜವಾದ ಹೆಸರು ಅದು. ಮಿಮಾ ಮಂಚದ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತ ನೋಡುತ್ತಿದ್ದಳು. ಒಲೆಯ ಮೇಲೆ ಹುರಿಯುತ್ತಿದ್ದ ಈರುಳ್ಳಿಯ ವಾಸನೆ ಬರುತ್ತಿತ್ತು.

"ನನ್ನ ಹೆಸ್ರು ಬರೆದ್ರೆ ನಿನ್ನ ಕೈ ಕಡೀತೀನಿ," ಎಂದಳು.

"ಬರಿಯಲ್ಲ."

"ಹೇಳೋದೂ ಬೇಡ."

"ಹೇಳಲ್ಲ. ನಂಗೆ ಮಿಮಾ ಸಾಕು."

ಅವನು ಕೊನೆಯ ಅಕ್ಷರದ ಅಂಚು ತೀಡುವಾಗ ಅವಳು ಮತ್ತೆ ಮಾತಾಡಿದಳು. ಈ ಸಲ ದನಿ ಬಹಳ ಸಣ್ಣದಾಗಿತ್ತು.

"ಕೆಳಗೆ ಇನ್ನೂ ಜಾಗ ಇದ್ಯಲ್ಲ. ನಿಂದೂ ಬರಿ."

"ನಂದ್ಯಾಕೆ?"

"ಅಲ್ಲಿ ಆಯಮ್ಮ ಓದಿದಾಗ ನಂಗೆ ಎದೆ ಬಡ್ಕೊಳ್ತಾ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ." ಮಿಮಾ ಮಗುವಿನ ತಲೆಯ ಮೇಲೆ ಗಲ್ಲ ಊರಿದಳು. "ಬಾಯಲ್ಲಿ ಹೇಳು ಅಂದಿದ್ರೆ ಏನ್ಮಾಡ್ಲಿ ಅಂತ ಪ್ರಾಣ ಹೋಗಿತ್ತು. ಒಂಬತ್ತು ವರ್ಷದಿಂದ ಕೇಳ್ಬೇಕು ಅಂತಾನೇ ಇದ್ದೆ ಕಣೋ, ಹೆದ್ರಿಕೆ ಆಗ್ತಿತ್ತು."

ಯಾಯೊ ಕುಂಚವನ್ನು ಬಣ್ಣದಲ್ಲಿ ಅದ್ದಿ, ಮಗಳ ಹೆಸರಿನ ಕೆಳಗೆ, ಅವಳಿಗೆ ಓದಲು ಸುಲಭವಾಗುವಂತೆ ಅಕ್ಷರಗಳನ್ನು ಬಿಡಿ ಬಿಡಿಯಾಗಿ ಬರೆದ. ಮಿಮಾಳ ತುಟಿ ಒಂದೊಂದೇ ಅಕ್ಷರದ ಹಿಂದೆ ಅಲ್ಲಾಡುತ್ತ ಹೋಯಿತು.

"ಎವಾರಿಸ್ತೊ," ಎಂದಳು. ಇನ್ನೊಮ್ಮೆ ಹೇಳಿ ನೋಡಿದಳು. "ಪರವಾಗಿಲ್ಲ. ಯಾರಿಗೂ ಹೇಳ್ಬೇಡ."